ಕೊಡೆ ಓಣಿ

ಜನವರಿ 9, ಸೋಮವಾರ

ಉಡುಗೊರೆಯಾಗಿ ಬಂದ ಡೈರಿ ಖಾಲಿ ಬಿದ್ದಿರಬಾರದೆಂದು ಬರೆಯುತ್ತಿದ್ದೇನೆ. ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳುವವರು ಯಾರೂ ಇಲ್ಲ. ಕಾಗದವಾದರೂ ಮಧ್ಯೆ ಬಾಯಿ ಹಾಕುವುದಿಲ್ಲ.

ಇವತ್ತು ತಾಲೀಮು ಮುಗಿದು ಎಲ್ಲರೂ ಮೆಟ್ಟಿಲಿಳಿದು ಹೋದರೂ ಗುಡುಗ ಎದ್ದಿರಲಿಲ್ಲ. ನಮ್ಮ ಬ್ಯಾಂಡಿನಲ್ಲಿ ದೊಡ್ಡ ಹಾರ್ನ್ ಊದುವವನು ಅವನು. ಊದಿದರೆ ಮದುವೆಮನೆಯ ಕಿಟಕಿ ಗಾಜು ಅದುರುತ್ತದೆ, ಅದಕ್ಕೇ ಆ ಹೆಸರು. ನಾನು ಬ್ಯಾಂಡ್ ಕಟ್ಟಿ, ಟ್ರಂಪೆಟ್ ಹಿಡಿದು ಮುಂದೆ ನಿಂತ ಕಾಲದಿಂದ ನನ್ನ ಎಡಗಡೆ ನಿಂತು ಊದಿದವನು. ಹಾರ್ನನ್ನು ಮಡಿಲಲ್ಲಿಟ್ಟುಕೊಂಡು ಒರೆಸಿದ ಜಾಗವನ್ನೇ ಒರೆಸುತ್ತಿದ್ದ.

"ಆಸ್ಪತ್ರೆಗೆ ಹೋಗಿದ್ದೆ ಮಾಸ್ಟ್ರೇ. ಅದೇ ಅಂತೆ" ಅಂದ.

"ಯಾವುದು?"

"ಅದೇ. ಎದೇದು. ಆರು ತಿಂಗಳು ಮಾತ್ರೆ ತಿನ್ಬೇಕಂತೆ."

ಹೆಸರು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಕೆಲವು ಹೆಸರುಗಳು ನೆಂಟರಿದ್ದ ಹಾಗೆ, ಕರೆದರೆ ಸಾಕು, ಹಾಸಿಗೆ ಸಮೇತ ಬಂದು ಕೂರುತ್ತವೆ.

ಮೊದಲು ಕನಿಕರ ಬಂತು, ಆಮೇಲೆ ಭಯ ಬಂತು, ಅದರ ಬೆನ್ನಿಗೇ ಬುಕಿಂಗ್ ನೆನಪಾಯಿತು. ಏಪ್ರಿಲ್‌ವರೆಗೆ ನಮಗೆ ಪುರುಸೊತ್ತಿಲ್ಲ. ಬ್ಯಾಂಡಿನಲ್ಲಿ ಒಬ್ಬನಿಗೆ ಹೀಗಂತೆ ಎಂದು ಮದುವೆಮನೆಯವರ ಕಿವಿಗೆ ಬಿದ್ದರೆ ನಮ್ಮ ನೆರಳನ್ನೂ ಗೇಟಿನೊಳಗೆ ಬಿಡುವುದಿಲ್ಲ. ಅವನೊಬ್ಬನ ಕಾಯಿಲೆಗೆ ಎಲ್ಲರ ಹೊಟ್ಟೆಯ ಮೇಲೆ ಹೊಡೆತ.

"ನಿನ್ನ ಜೊತೆ ಯಾರ್ಯಾರಿರ್ತಾರೆ ಅಂತ ಕೇಳಿದ್ರಾ?"

"ನಾಳೆ ಕೇಳ್ತಾರಂತೆ. ಜೊತೇಲಿರೋರನ್ನೆಲ್ಲ ಪರೀಕ್ಷೆ ಮಾಡ್ತಾರಂತೆ."

"ಯಾರೂ ಇಲ್ಲ ಅನ್ನು. ಒಬ್ನೇ ಇರ್ತೀನಿ, ಬ್ಯಾಂಡ್ ಬಿಟ್ಟು ಎಷ್ಟೋ ಕಾಲ ಆಯ್ತು ಅನ್ನು."

ಅವನು ಒರೆಸುವ ಬಟ್ಟೆಯನ್ನು ಮಡಚಿಟ್ಟ. "ನೀವು ಹೇಳಿದ್ಮೇಲೆ ಆಯ್ತು" ಅಂದ. ಹೇಗೂ ಒಂಟಿ ಮನುಷ್ಯ, ಹೇಳುವ ಸುಳ್ಳಿನಲ್ಲಿ ಅರ್ಧ ನಿಜವೇ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಹಿತ್ತಾಳೆ ಪಾಲಿಶ್ ವಾಸನೆಗೆ ನನಗೆ ಇವತ್ತೂ ಕೆಮ್ಮು. ಬೇರೆ ಪಾಲಿಶ್ ತರಬೇಕು.

ಜನವರಿ 13, ಶುಕ್ರವಾರ

ಗುಡುಗನಿಗೆ ಹರ್ನಿಯಾ ಎಂದು ಉಳಿದವರಿಗೆ ಹೇಳಿದ್ದೆ. ಸುಳ್ಳಿಗೆ ತಕ್ಕ ಹಾಗೆ ಹೊಟ್ಟೆ ಹಿಡಿದು ನಡೆಯೋ ಮಾರಾಯ ಅಂದರೆ, ಒಮ್ಮೆ ಎಡಗಡೆ ಹಿಡಿಯುತ್ತಾನೆ, ಒಮ್ಮೆ ಬಲಗಡೆ. "ಎರಡೂ ಕಡೆ ಇದೆಯಾ?" ಎಂದು ಕ್ಲಾರಿನೆಟ್‌ನವನು ಕೇಳಿಯೇಬಿಟ್ಟ.

ನಾಟಕ ಅಷ್ಟಕ್ಕೇ ಮುಗಿಯಿತು. ಎದೆಯ ಕಾಯಿಲೆಯ ಕೋಣೆಗೆ ಆಸ್ಪತ್ರೆಯ ಮುಂಬಾಗಿಲಿನಿಂದ ದಾರಿಯಿಲ್ಲ, ಪಕ್ಕದ ಓಣಿಯಿಂದ ಹೋಗಬೇಕು. ಆ ಓಣಿಯಲ್ಲಿ ಬೇರೇನೂ ಇಲ್ಲ. ಅಲ್ಲಿಗೆ ತಿರುಗಿದವನು ಯಾಕೆ ತಿರುಗಿದ ಎಂದು ಮೂಲೆಯ ಚಹಾದಂಗಡಿಯವನಿಗೆ ಗೊತ್ತಾಗುತ್ತದೆ, ಅವನಿಗೆ ಗೊತ್ತಾದರೆ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ಜನ ಸುಡುಬಿಸಿಲಲ್ಲೂ, ಮೋಡದಲ್ಲೂ ಮುಖದ ಮೇಲೆ ಕೊಡೆ ಇಳಿಸಿಕೊಂಡು ಹೋಗುತ್ತಾರೆ. ಅದಕ್ಕೆ ಕೊಡೆ ಓಣಿ ಎಂದೇ ಹೆಸರು. ಅಲ್ಲೊಂದು ಕಡೆ ಮಾತ್ರ ವರ್ಷವಿಡೀ ಮಳೆ ಎಂದು ನಾವೆಲ್ಲ ನಕ್ಕಿದ್ದೇವೆ. ಗುಡುಗನೂ ಕೊಡೆ ಹಿಡಿದೇ ಹೋಗಿದ್ದಾನೆ. ಅವನ ಗಾತ್ರಕ್ಕೆ ಕೊಡೆ ಮುಚ್ಚಿದ್ದು ಕಿವಿಯವರೆಗೆ ಮಾತ್ರ.

"ಮಾಸ್ಟ್ರೇ, ಒಂದೋ ಅವನು, ಇಲ್ಲಾ ನಾವು" ಅಂದ ಕ್ಲಾರಿನೆಟ್‌ನವನು. ಬಾಕಿಯವರು ತಮ್ಮ ಲೋಟಗಳನ್ನು ದೂರ ಸರಿಸಿಟ್ಟರು.

ನಾನು ನಡುವಿನ ದಾರಿ ಹಿಡಿದೆ. ಗುಡುಗನ ಚಹಾ ಲೋಟಕ್ಕೆ ಕೆಂಪು ಬಣ್ಣ ಹಚ್ಚಿ ಬೇರೆ ಇಟ್ಟೆ. ಅವನ ಹಾರ್ನಿಗೆ ಬೇರೆ ಬಟ್ಟೆ ಸುತ್ತಿಸಿದೆ. ಸಾಲದು ಅಂದರು. ಕೊನೆಗೆ ಗುಣವಾಗುವವರೆಗೆ ಮನೆಯಲ್ಲಿರು ಎಂದು ನಾನೇ ಹೇಳಬೇಕಾಯಿತು. ಅವನು ಜಗಳವಾಡಿದ್ದರೆ ಚೆನ್ನಾಗಿತ್ತು. ಹಾರ್ನನ್ನು ಮೂಲೆಗೆ ಒರಗಿಸಿ ಚಪ್ಪಲಿ ಹಾಕಿಕೊಂಡ.

"ಆ ಕಿಟಕಿ ಒಂದು ತೆಗೀರಿ ಮಾಸ್ಟ್ರೇ. ಲೋಟಕ್ಕಿಂತ ಗಾಳಿ ಮುಖ್ಯ ಅಂದ್ರು ಅಲ್ಲಿ" ಅಂದ ಹೋಗುವಾಗ.

ಕಿಟಕಿ ತೆಗೆದರೆ ಎದುರುಮನೆ ಯಜಮಾನರು ನನ್ನನ್ನು ಬಿಡುತ್ತಾರೆಯೇ? ನಮ್ಮ ತಾಲೀಮಿನ ಕೋಣೆ ಇರುವುದು ನಮ್ಮ ಮನೆಯ ಮಹಡಿಯಲ್ಲಿ, ಇರುವುದೊಂದೇ ಕಿಟಕಿ, ಅದು ಅವರ ಕಿಟಕಿಗೆ ಮುಖ ಮಾಡಿದೆ. "ಮನೆಯವಳಿಗೆ ಹುಷಾರಿಲ್ಲ, ನಿಮ್ಮ ಪೋಂ ಪೋಂ ನಿಲ್ಸಿ" ಎಂದು ಹೋದ ವರ್ಷ ಬೀದಿಯಲ್ಲಿ ನಿಂತು ಕೂಗಿದ್ದರು. ಮಾತಿಗೆ ಮಾತು ಬೆಳೆದು, ನಾನು ಸಿಟ್ಟಿನಲ್ಲಿ ಕಿಟಕಿಗೆ ಮೊಳೆ ಹೊಡೆದು, ಹಳೆ ಹಾಸಿಗೆ ಒಂದನ್ನು ಅಡ್ಡ ಕಟ್ಟಿದೆ. ಈಗ ಒಳಗಿನ ಶಬ್ದ ಹೊರಗೆ ಹೋಗುವುದಿಲ್ಲ. ನನ್ನ ಕೈಯ ಅಚ್ಚುಕಟ್ಟಾದ ಕೆಲಸಗಳಲ್ಲಿ ಅದೂ ಒಂದು.

ಜನವರಿ 24, ಮಂಗಳವಾರ

ಆಸ್ಪತ್ರೆಯ ಸಿಸ್ಟರ್ ಮಹಡಿ ಹತ್ತಿ ಬಂದರು. ಬಿಳಿ ಬಟ್ಟೆಯಲ್ಲಿ, ಹಗಲು ಹೊತ್ತಿನಲ್ಲಿ, ಬೀದಿಯವರೆಲ್ಲ ನೋಡುವ ಹಾಗೆ. ಒಳ್ಳೆಯದು ಮಾಡಲು ಬರುವವರಿಗೆ ಇಷ್ಟು ಸಣ್ಣ ವಿಷಯ ಹೊಳೆಯುವುದಿಲ್ಲ.

"ದೊಡ್ಡ ಹಾರ್ನ್ ಊದೋರು ಇಲ್ಲಿಗೆ ಬರ್ತಿದ್ರಾ?"

"ಬಿಟ್ಟು ಎಷ್ಟೋ ಕಾಲ ಆಯ್ತಮ್ಮ" ಅಂದೆ. ಅವರ ಕಣ್ಣು ಮೂಲೆಯ ಹಾರ್ನಿನ ಮೇಲಿತ್ತು.

"ನಿಮ್ಮಲ್ಲಿ ಯಾರಿಗಾದ್ರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯಾ?"

ಆಗಲೇ ನನಗೆ ಕೆಮ್ಮು ಬರಬೇಕೆ? ತಡೆದಷ್ಟೂ ಜೋರಾಯಿತು. ಪಾಲಿಶ್ ಡಬ್ಬಿ ತೋರಿಸಿದೆ. ಅವರು ಅದನ್ನು ಮೂಸಿ ನೋಡಿ ಕೆಳಗಿಟ್ಟರು. ಆಮೇಲೆ ಕಿಟಕಿಯ ಹಾಸಿಗೆಯನ್ನು ಬೆರಳಿನಿಂದ ಒತ್ತಿ, "ಇದು ಯಾವಾಗಿನಿಂದ?" ಅಂದರು. ಎದುರುಮನೆಯವರ ಉಪದ್ರವ ಅಂದೆ. ಹೋಗುವಾಗ ಕಫ ಪರೀಕ್ಷೆಗೆಂದು ಮುಚ್ಚಳದ ಸಣ್ಣ ಡಬ್ಬಿ ಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೆ ಇದರಲ್ಲಿ ಕಫ ಹಿಡಿದು ತಂದುಕೊಡಿ, ಪಾಲಿಶ್ ಆದರೆ ಪಾಲಿಶ್ ಅಂತ ಗೊತ್ತಾಗಲಿ ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನಲ್ಲ. ಡಬ್ಬಿಯನ್ನು ಅಡುಗೆಮನೆಯ ಕಪಾಟಿನ ಮೇಲೆ ಎಸೆದೆ.

ಫೆಬ್ರವರಿ 2, ಗುರುವಾರ

ಮಗಳು ಬಂದಿದ್ದಾಳೆ. ಅಳಿಯ ಕೆಲಸದ ಮೇಲೆ ದೂರ ಹೋಗಿದ್ದಾನಂತೆ, ಬರುವವರೆಗೆ ಇಲ್ಲೇ. ಜೊತೆಗೆ ನಮ್ಮ ಪೀಪಿ. ಮೊಮ್ಮಗಳಿಗೆ ಒಳ್ಳೆಯ ಹೆಸರೇ ಇದೆ, ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಊದುವವಳನ್ನು ಇನ್ನೇನೆಂದು ಕರೆಯಲಿ? ನಡೆಯಲು ಈಗ ತಾನೇ ಕಲಿತಿದ್ದಾಳೆ. ಟ್ರಂಪೆಟ್ ಕೊಟ್ಟರೆ ಎರಡು ಕೈಯಲ್ಲಿ ತಬ್ಬಿಕೊಂಡು ಪೂ ಅನ್ನುತ್ತಾಳೆ. ಮನೆತನದ ರಕ್ತ.

ಮಧ್ಯಾಹ್ನ ನನ್ನ ಎದೆಯ ಮೇಲೆ ಮಲಗಿಸಿಕೊಂಡರೆ ಮಾತ್ರ ನಿದ್ದೆ. ಉಸಿರಾಡುವಾಗ ನನ್ನ ಎದೆಯೊಳಗೆ ಸಣ್ಣಗೆ ಶಿಳ್ಳೆ ಹೊಡೆದಂತೆ ಕೇಳುತ್ತದೆ ಈಚೆಗೆ. ಅದೇ ಅವಳಿಗೆ ಜೋಗುಳ. ಕಿವಿ ಒತ್ತಿ ಕೇಳುತ್ತಾಳೆ, ನಗುತ್ತಾಳೆ, ನಿದ್ದೆ ಹೋಗುತ್ತಾಳೆ.

ಹೆಂಡತಿ ಆ ಕಪಾಟಿನ ಡಬ್ಬಿಯೊಳಗೆ ಹಳೆ ಅಂಗಿಗಳ ಗುಂಡಿಗಳನ್ನು ತುಂಬಿ, ಮುಚ್ಚಳ ಬಿಗಿದು ಮಗುವಿಗೆ ಆಡಲು ಕೊಟ್ಟಿದ್ದಾಳೆ. ಗಿಲಕಿ ಸದ್ದು ಮನೆ ತುಂಬ.

ಫೆಬ್ರವರಿ 11, ಶನಿವಾರ

ನಿನ್ನೆಯ ಮದುವೆಯಲ್ಲಿ ಮಾನ ಹೋಗುವುದಿತ್ತು. ಮೆರವಣಿಗೆ ಬಾಗಿಲಿಗೆ ಬಂದಾಗ ನಾನು ಒಂದು ಎತ್ತರದ ಸ್ವರ ಹಿಡಿದು ನಿಲ್ಲಿಸಬೇಕು, ಎಲ್ಲ ಮದುವೆಯಲ್ಲೂ ಅದೇ ನನ್ನ ವರಸೆ. ಜನ ಅದಕ್ಕೇ ಕಾಯುತ್ತಾರೆ. ಸ್ವರ ಎತ್ತಿದೆ, ಅರ್ಧಕ್ಕೆ ಮುರಿಯಿತು. ಕ್ಲಾರಿನೆಟ್‌ನವನು ನಡುವೆ ನುಗ್ಗಿ ಮುಚ್ಚಿದ. ಎಡಗಡೆ ಗುಡುಗ ಇದ್ದಿದ್ದರೆ ಅದು ಮುರಿದದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಟ್ರಂಪೆಟ್ ಎಲ್ಲೋ ಸೋರುತ್ತಿದೆ. ಎಷ್ಟು ಗಾಳಿ ತುಂಬಿದರೂ ಸಾಲುವುದಿಲ್ಲ. ಬೆಳಿಗ್ಗೆಯೇ ವಾದ್ಯ ರಿಪೇರಿಯವನ ಅಂಗಡಿಗೆ ಒಯ್ದೆ. ಅವನು ಬಿಚ್ಚಿದ, ಒಂದು ತುದಿ ಮುಚ್ಚಿ ನೀರಿನಲ್ಲಿ ಮುಳುಗಿಸಿ ಊದಿ ನೋಡಿದ, ಒಂದು ಗುಳ್ಳೆಯೂ ಬರಲಿಲ್ಲ. ಮತ್ತೆ ಜೋಡಿಸಿ ತಾನೇ ಬಾಯಿಗಿಟ್ಟ. ನನ್ನ ಆ ಸ್ವರವನ್ನೇ ಎತ್ತಿ, ಬೀದಿಯ ನಾಯಿಗಳೆಲ್ಲ ಏಳುವಷ್ಟು ಹೊತ್ತು ನಿಲ್ಲಿಸಿದ.

"ಇದ್ರಲ್ಲಿ ಏನೂ ಸೋರ್ತಿಲ್ಲ ಮಾಸ್ಟ್ರೇ" ಅಂದ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸ್ವಲ್ಪ ರೆಸ್ಟ್ ತಗೊಳ್ಳಿ."

ಈಚೆಗೆ ಒಳ್ಳೆಯ ಕೆಲಸಗಾರರೇ ಸಿಗುವುದಿಲ್ಲ. ಮನೆಗೆ ಬಂದು ಹೇಳಿದರೆ ಹೆಂಡತಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು. ನಾನು ಊಟ ಬಿಟ್ಟೆ. ಹೇಗೂ ಹಸಿವಿರಲಿಲ್ಲ.

ಫೆಬ್ರವರಿ 20, ಸೋಮವಾರ

ಸಮವಸ್ತ್ರದ ಪ್ಯಾಂಟು ಜಾರುತ್ತಿದೆ. ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಬಟ್ಟೆ ಹಿಗ್ಗಿದೆ ಅಂದರೆ ಹೆಂಡತಿ ಒಪ್ಪುವುದಿಲ್ಲ. ಬೆಳಿಗ್ಗೆ ಏಳುವಾಗ ದಿಂಬು ಒದ್ದೆ. ಸೆಕೆ ಈ ಸಲ ಬೇಗ ಶುರುವಾಗಿದೆ. ಪಕ್ಕದಲ್ಲಿ ಮಲಗುವ ಹೆಂಡತಿಗೆ ಸೆಕೆಯೇ ಇಲ್ಲವಂತೆ. ಅವಳ ಮೈಯೇ ಹಾಗೆ.

ಮಾರ್ಚ್ 3, ಶುಕ್ರವಾರ

ಮಾರುಕಟ್ಟೆಯಲ್ಲಿ ಗುಡುಗ ಎದುರಿಗೆ ಬಂದ. ಗುರುತೇ ಸಿಗಲಿಲ್ಲ. ಕೆನ್ನೆ ತುಂಬಿಕೊಂಡಿದೆ, ನಡಿಗೆಯಲ್ಲಿ ಹಳೆಯ ಗತ್ತು. ನಾನು ಏನು ಮಾಡಿದೆ? ರಸ್ತೆಯ ಆಚೆ ದಾಟಿದೆ. ಕಾಲು ತಾನಾಗಿ ದಾಟಿತು ಎಂದು ಬರೆಯಬಹುದು, ಆದರೆ ಕಾಲಿಗೆ ಬುದ್ಧಿ ಹೇಳಿದವನು ನಾನೇ.

ಅವನಿಗೆ ಅರ್ಥವಾಯಿತು. ಆಚೆಯಿಂದಲೇ, "ಮಾಸ್ಟ್ರೇ, ಈಗ ನನ್ನಿಂದ ಅಂಟಲ್ಲ ಅಂದಿದ್ದಾರೆ. ನಿಮ್ಮ ಕೆಮ್ಮು ಹೇಗಿದೆ?" ಎಂದು ಕೂಗಿದ.

ತರಕಾರಿ ಆರಿಸುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ನನ್ನ ಕೆಮ್ಮಿನ ಸುದ್ದಿ ಇವನಿಗೇಕೆ? ತಾನು ಮುಳುಗುವವನು ಪಕ್ಕದವನ ಕಾಲನ್ನೂ ಹಿಡಿದೆಳೆಯುತ್ತಾನೆ. ಸರಸರನೆ ಮನೆ ಕಡೆ ಹೊರಟೆ. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತೆ.

ಮಾರ್ಚ್ 9, ಗುರುವಾರ

ಊದಿ ಊದಿ ಟ್ರಂಪೆಟ್ಟಿನೊಳಗೆ ಉಸಿರು ನೀರಾಗಿ ನಿಲ್ಲುತ್ತದೆ. ಕೆಳಗಿನ ಸಣ್ಣ ಕೀಲಿ ಒತ್ತಿ ಅದನ್ನು ಬಸಿಯಬೇಕು. ಇವತ್ತು ಮದುವೆಯ ಗದ್ದಲದಲ್ಲಿ ಹಾಗೆ ಬಸಿದೆ. ಬಿಳಿ ಕಲ್ಲಿನ ನೆಲದ ಮೇಲೆ ಬಿದ್ದ ನೀರು ಗುಲಾಬಿ ಬಣ್ಣಕ್ಕಿತ್ತು.

ಬೂಟಿನಿಂದ ಉಜ್ಜಿದೆ. ಒಸಡಿನ ರಕ್ತ ಇರಬೇಕು.

ಒಸಡಿನದೇ.

ಮಾರ್ಚ್ 11, ಶನಿವಾರ

ಪೀಪಿಗೆ ಜ್ವರ.

ಮಾರ್ಚ್ 13, ಸೋಮವಾರ

ಜ್ವರ ಇಳಿಯುತ್ತದೆ, ಮತ್ತೆ ಏರುತ್ತದೆ. ಈಗ ಕೆಮ್ಮೂ ಸೇರಿದೆ. ಮಗುವಿನ ಕೆಮ್ಮಿಗೆ ಏನು ಕಾರಣ ಹೇಳಲಿ? ಅವಳೇನು ಹಿತ್ತಾಳೆ ಉಜ್ಜುತ್ತಾಳೆಯೇ? ಮಧ್ಯಾಹ್ನ ಕೈ ಚಾಚಿಕೊಂಡು ನನ್ನ ಹತ್ತಿರ ಬಂದಳು. ಅಮ್ಮನ ಹತ್ತಿರ ಹೋಗು ಅಂದೆ. ಅತ್ತಳು. ಮಗಳು ಬಂದು, "ಏನಪ್ಪಾ, ಮಗು ಬಂದ್ರೆ ದೂಡ್ತೀಯಾ?" ಅಂದಳು. ಸೊಂಟ ನೋವು ಅಂದೆ.

ಸಂಜೆ ಕೊಡೆ ತೆಗೆದುಕೊಂಡು ಹೊರಟೆ. ಮೋಡದ ಚೂರೂ ಇರಲಿಲ್ಲ. ಓಣಿಯ ಮೂಲೆಯವರೆಗೆ ಹೋದೆ. ಚಹಾದಂಗಡಿಯವನು, "ಏನ್ ಮಾಸ್ಟ್ರೇ, ಮಳೆ ಬರೋ ಹಾಗಿದೆಯಾ?" ಅಂದ. ಬೆಂಚಿನಲ್ಲಿದ್ದವರು ನಕ್ಕರು. ಈ ಜೋಕು ನನಗೆ ಹೊಸದಲ್ಲ, ಅದೇ ಬೆಂಚಿನಲ್ಲಿ ಕೂತು ನಾನೇ ಹೇಳಿದ್ದು. ಒಂದು ಚಹಾ ಕುಡಿದು ವಾಪಸು ಬಂದೆ. ನಾಚಿಕೆಯಾಗುತ್ತದೆ.

ಮಾರ್ಚ್ 14, ಮಂಗಳವಾರ

ಗುಡುಗನ ಮನೆಗೆ ಹೋದೆ. ಬಾಗಿಲಲ್ಲೇ ನಿಂತೆ. ಒಳಗೆ ಬನ್ನಿ ಎಂದು ಅವನೂ ಹೇಳಲಿಲ್ಲ. ಅವನನ್ನು ಹೊರಗೆ ಕಳಿಸಿದವನಿಗೆ ಇಷ್ಟಾದರೂ ಆಗಬೇಕಲ್ಲ.

"ಮಗು ಕೆಮ್ತಾ ಇದೆ" ಅಂದೆ. ಅಷ್ಟೇ ಹೇಳಲು ಆಯಿತು.

ಅವನು ಅಂಗಿ ಹಾಕಿಕೊಂಡು ಬಂದ. ನಾನು ಕೊಡೆ ಬಿಚ್ಚಲು ಹೋದರೆ ನನ್ನ ಕೈಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡ. "ಮೊದಮೊದಲು ನಾನೂ ಹಿಡೀತಿದ್ದೆ. ಮುಂದೆ ಗುಂಡಿ ಇದ್ರೂ ಕಾಣಲ್ಲ, ಬಿದ್ದಿದ್ದೀನಿ ಎರಡ್ ಸಲ" ಅಂದ. ಚಹಾದಂಗಡಿಯ ಎದುರು ಬಂದಾಗ ನಿಂತು, ಆ ಬೆಂಚಿನವರಿಗೆ ಕೈ ಮಾಡಿ ನಮಸ್ಕಾರ ಹೇಳಿದ. ನನ್ನ ಕಿವಿ ಸುಟ್ಟು ಹೋದಂತಾಯಿತು. ಅವನ ನೆರಳಿನಲ್ಲೇ ನಡೆದು ಒಳಗೆ ಹೋದೆ.

ಅದೇ ಸಿಸ್ಟರ್. ಅದೇ ಥರದ ಡಬ್ಬಿ ಕೊಟ್ಟರು. "ಮೊದಲು ಕೊಟ್ಟಿದ್ದು ಏನಾಯ್ತು?" ಎಂದು ಕೇಳಿದರು. ಗುಂಡಿ ತುಂಬಿದ್ದೇವೆ ಎಂದು ಹೇಳಲಿಲ್ಲ.

ಮಾರ್ಚ್ 17, ಶುಕ್ರವಾರ

ನನಗೆ ಇದೆ. ಎಕ್ಸ್‌ರೇಯಲ್ಲಿ ಮೇಲ್ಗಡೆ ಮೋಡ ಕವಿದ ಹಾಗೆ ಕಾಣುತ್ತದೆ, ಕಫದಲ್ಲೂ ಇದೆ.

"ಕೆಮ್ಮು ಯಾವಾಗಿಂದ?" ಅಂದರು ಸಿಸ್ಟರ್.

"ಮೊನ್ನೆಯಿಂದ."

ಮಾತ್ರೆಗೆಂದು ಬಂದು ಬೆಂಚಿನಲ್ಲಿ ಕೂತಿದ್ದ ಗುಡುಗ, "ಮಾಸ್ಟ್ರೇ" ಅಂದ. ಮೆತ್ತಗೇ ಅಂದ.

"ಹೋದ ಮಳೆಗಾಲದಿಂದ" ಅಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಹೋದ ಮಳೆಗಾಲದಲ್ಲಿ ಗುಡುಗ ಗುಂಡುಕಲ್ಲಿನ ಹಾಗಿದ್ದ. ತಾಳ ತಪ್ಪದೆ ಕೆಮ್ಮುತ್ತೀರಿ ಮಾಸ್ಟ್ರೇ ಎಂದು ತಮಾಷೆ ಮಾಡುತ್ತಿದ್ದ. ಅವನಿಗೆ ಕೆಮ್ಮು ಶುರುವಾದದ್ದು ಚಳಿಗಾಲದಲ್ಲಿ. ಆ ಹೊತ್ತಿಗೆ ನಾನು ಕಿಟಕಿಗೆ ಮೊಳೆ ಹೊಡೆದಾಗಿತ್ತು, ದಿನವೂ ಅವನ ಬಲಗಡೆ ನಿಂತು ಊದುತ್ತಿದ್ದೆ.

"ಯಾರಿಂದ ಯಾರಿಗೆ ಅಂತ ಹೇಳೋಕಾಗಲ್ಲ" ಅಂದರು ಸಿಸ್ಟರ್, ನನ್ನ ಮುಖ ನೋಡಿ ತಿಳಿದವರಂತೆ. ಹೇಳಲು ಆಗದೇ ಇರಬಹುದು. ನನಗೆ ಮಾತ್ರ ಅನುಮಾನವಿಲ್ಲ.

"ಮನೇಲಿ, ಕೆಲಸದಲ್ಲಿ ಜೊತೆಗಿರೋರು ಯಾರ್ಯಾರು?"

ಗುಡುಗನಿಗೆ ನಾನೇ ಕಲಿಸಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಯಾರೂ..." ಎಂದು ಬಾಯಿ ತೆರೆದೂ ಇದ್ದೆ. ಎದೆಗೆ ಕಿವಿ ಒತ್ತಿ ನಗುವ ಮುಖ ಅಡ್ಡ ಬಂತು. ಹೇಳಿದೆ. ಹೆಂಡತಿ, ಮಗಳು, ಬ್ಯಾಂಡಿನವರು ಒಬ್ಬರನ್ನೂ ಬಿಡದೆ ಹೇಳಿದೆ. ಮಗುವಿನ ಹೆಸರು ಹೇಳುವಾಗ ಅತ್ತುಬಿಟ್ಟೆ.

ಹೊರಗೆ ಬಂದ ಮೇಲೆ ಗುಡುಗನನ್ನು ಕೇಳಿದೆ, "ನನ್ನಿಂದಲೇ ಅಂತ ನಿನಗೆ ಗೊತ್ತಿತ್ತಾ?"

"ಅಂದಾಜಿತ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ. ಕಿಟಕಿ ತೆಗೀರಿ ಅಂದೆ. ಕೆಮ್ಮು ಹೇಗಿದೆ ಅಂದೆ. ನೀವು ನನ್ನ ಲೋಟಕ್ಕೆ ಬಣ್ಣ ಹಚ್ತಾ ಇದ್ರಿ."

ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರ್ಚ್ 22, ಬುಧವಾರ

ಪೀಪಿಗೂ ಇದೆ. ಈಗಷ್ಟೇ ಶುರುವಾಗಿದೆ, ಬೇಗ ತಂದಿದ್ದೀರಿ, ಗುಣವಾಗುತ್ತದೆ ಅಂದರು. ಬೇಗ ಎಂಬ ಮಾತು ಕೇಳಿ ನನಗೆ ತಲೆ ಎತ್ತಲು ಆಗಲಿಲ್ಲ. ಹೆಂಡತಿಗೆ, ಮಗಳಿಗೆ ಇಲ್ಲ. ಬಾರದಿರಲೆಂದು ಅವರಿಗೂ ಮಾತ್ರೆ.

ಮಗಳು ಮನೆಗೆ ಬಂದು ಆ ಗಿಲಕಿ ಡಬ್ಬಿಯನ್ನು ನನ್ನ ಮುಂದಿಟ್ಟಳು.

"ಇದು ಯಾವುದಕ್ಕೆ ಕೊಟ್ಟಿದ್ದು ಅಂತ ಇವತ್ತು ಅಲ್ಲಿ ನೋಡಿದೆ. ಯಾವಾಗ ಬಂದಿದ್ದಪ್ಪಾ ಇದು?"

"ನೀನು ಬರೋದಕ್ಕೆ ಮುಂಚೆ."

"ನಾನು ಬರೋದಕ್ಕೆ ಮುಂಚೆ" ಎಂದು ಅವಳು ಇನ್ನೊಮ್ಮೆ ಹೇಳಿದಳು. ಬೈಯಲಿಲ್ಲ. ಡಬ್ಬಿಗೆ ಗುಂಡಿ ತುಂಬಿದವಳು ತಾನೆಂದು ಅವಳಮ್ಮ ಆಸ್ಪತ್ರೆಯಲ್ಲಿ ಆ ಥರದ ಡಬ್ಬಿ ಕಂಡಾಗಿನಿಂದ ಅಳುತ್ತಿದ್ದಾಳೆ. ತಿಳಿಯದೆ ತುಂಬಿದವಳಿಗೆ ಕಣ್ಣೀರು ಬಂದರೆ ತಿಳಿದು ಎಸೆದ ನನಗೆ ಏನು ಬರಬೇಕು?

ಸ್ವಲ್ಪ ಹೊತ್ತಾದ ಮೇಲೆ ಮಗಳು ಬಂದು, "ನಮ್ಮತ್ತೆಗೆ ಬರೀ ಜ್ವರ ಅಂತ ಹೇಳಿದ್ದೀನಿ. ಯಾರಿಗೂ ಬಾಯಿ ಬಿಡಬೇಡ" ಅಂದಳು. ನಾನು ಗುಡುಗನಿಗೆ ಹೇಳಿದ ಧ್ವನಿಯಲ್ಲೇ ಹೇಳಿದಳು. ನನ್ನ ಮಗಳಲ್ಲವೆ.

ಮಾರ್ಚ್ 29, ಬುಧವಾರ

ನಾನು ಇನ್ನೂ ಕೆಲವು ದಿನ ಮಹಡಿಯ ಮೇಲೇ ಇರಬೇಕು. ಹೆಂಡತಿ ತಟ್ಟೆಯನ್ನು ಬಾಗಿಲ ಹೊರಗಿಟ್ಟು ಹೋಗುತ್ತಾಳೆ. ಕ್ಲಾರಿನೆಟ್‌ನವನಿಗೂ ಇದೆಯಂತೆ. ಅವನು ಕೆಳಗೆ ಬೀದಿಯಲ್ಲಿ ನಿಂತು, ಗುಡುಗ ಊರಿಗೆಲ್ಲ ಹಚ್ಚಿದ ಎಂದು ಕೂಗಾಡಿದ. ನಾನು ಮೆಟ್ಟಿಲವರೆಗೆ ಬಂದು, ಗುಡುಗ ಅಲ್ಲ, ನಾನು ಅಂದೆ. ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಎರಡು ಮದುವೆಯವರು ಬೇರೆ ಬ್ಯಾಂಡ್ ಹಿಡಿದಿದ್ದಾರೆ. ಇಷ್ಟಕ್ಕೇ ಹೆದರಿ ಅಷ್ಟೆಲ್ಲ ಮಾಡಿದ್ದು.

ಮಗಳು ದಿನವೂ ಮಗುವನ್ನು ಕೊಡೆಯೊಳಗೆ ಬಚ್ಚಿಟ್ಟುಕೊಂಡು ಆಸ್ಪತ್ರೆಗೆ ಹೋಗುತ್ತಾಳೆ. ಪೀಪಿಗೆ ಅದು ಆಟ. ಕೊಡೆ ಕಂಡರೆ ಕೇಕೆ ಹಾಕುತ್ತಾಳೆ.

ಏಪ್ರಿಲ್ 6, ಗುರುವಾರ

ಇನ್ನು ಹೊರಗೆ ಓಡಾಡಬಹುದು ಎಂದು ಸಿಸ್ಟರ್ ನಿನ್ನೆ ಹೇಳಿದರು. ಬೆಳಿಗ್ಗೆ ಗುಡುಗ ಒಂದು ಇಕ್ಕಳ ತಂದ. ನನ್ನ ಅಪ್ಪಣೆ ಕೇಳಲಿಲ್ಲ. ಕಪಾಟಿನಿಂದ ಕೆಂಪು ಬಣ್ಣದ ಲೋಟ ಇಳಿಸಿ, ನೀರು ಕುಡಿದು, ಕಿಟಕಿಯ ಹಾಸಿಗೆಯನ್ನು ಕಿತ್ತು ಬಿಸಾಡಿದ. ಮೊಳೆಗಳಿಗೆ ತುಕ್ಕು ಹಿಡಿದಿತ್ತು. ನಾನು ಚೌಕಟ್ಟು ಒತ್ತಿ ಹಿಡಿದೆ, ಅವನು ಎಳೆದ. ಅಚ್ಚುಕಟ್ಟು ಎಂದು ಹೊಗಳಿಕೊಂಡದ್ದಕ್ಕೆ ಸರಿಯಾಗಿ ಒಂದೊಂದೂ ಕಾಡಿಸಿತು. ಕೊನೆಯದು ಬಂದು ಕಿಟಕಿ ದಡಾರನೆ ತೆರೆದಾಗ ಕಣ್ಣು ಕೋರೈಸಿತು. ಗಾಳಿ ನೇರ ಬಂದು ಮುಖಕ್ಕೆ ಬಡಿಯಿತು.

ಎದುರಿನ ಕಿಟಕಿಯೂ ತೆರೆಯಿತು. ಯಜಮಾನರು ತಲೆ ಹಾಕಿದರು.

"ಮತ್ತೆ ಶುರು ಮಾಡ್ತೀರಾ ನಿಮ್ಮ ಪೋಂ ಪೋಂ?"

"ಇಲ್ಲ ಯಜಮಾನ್ರೇ, ಊದೋ ಹಾಗಿಲ್ಲ. ಗಾಳಿಗೆ ತೆಗ್ದಿದ್ದು."

"ಇಷ್ಟು ದಿನ ಬೇಡವಾದ ಗಾಳಿ ಈಗ ಯಾಕೆ?"

ಕೆಳಗೆ ಮಗಳು ಪೀಪಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟು ನಿಂತಿದ್ದಳು. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಸೆಕೆ ಅನ್ನಬಹುದಿತ್ತು, ಧೂಳು ಅನ್ನಬಹುದಿತ್ತು. ಕಾರಣಗಳಿಗೆ ನನ್ನಲ್ಲಿ ಯಾವತ್ತೂ ಬರವಿರಲಿಲ್ಲ.

"ನನಗೆ ಟಿ.ಬಿ. ಇದೆ" ಅಂದೆ. ಮದುವೆಮನೆಯ ಬಾಗಿಲಲ್ಲಿ ಊದಿದಷ್ಟು ಗಟ್ಟಿಯಾಗಿಯೇ ಬಂತು ಅದು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಯಜಮಾನರು ತಮ್ಮ ಕಿಟಕಿ ಮುಚ್ಚಿಕೊಂಡರು.

ಮಗಳು ತಲೆ ತಗ್ಗಿಸಿ ಕೊಡೆ ಬಿಚ್ಚಿ ಹೊರಟುಹೋದಳು. ಮಗು ಒಳಗಿಂದ ಕೇಕೆ ಹಾಕುತ್ತಿತ್ತು. ಗುಡುಗ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದಲ್ಲಿ ಸುತ್ತುತ್ತಿದ್ದ. ನಾನು ತಪ್ಪು ಮಾಡಿದೆನೇನೋ ಎಂದು ಅವನನ್ನು ಕೇಳಿದೆ. ಗೊತ್ತಿಲ್ಲ ಮಾಸ್ಟ್ರೇ ಅಂದ.

ಬಿಸಿಲೇರಿದ ಮೇಲೆ ಮೆಟ್ಟಿಲ ಬುಡದಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ಕೆಮ್ಮಲ್ಲ, ಗಂಟಲು ಸರಿಮಾಡಿಕೊಂಡದ್ದು. ಎದುರುಮನೆ ಯಜಮಾನರು. ನಮ್ಮ ಅಂಗಳಕ್ಕೆ ಅವರು ಕಾಲಿ‍ಟ್ಟದ್ದನ್ನು ನಾನು ಕಂಡೇ ಇಲ್ಲ. ಕಂಕುಳಲ್ಲಿ ಕರಿ ಕೊಡೆ ಇತ್ತು. ಹಿಂದೆ, ಗೋಡೆಗೆ ಒರಗಿಕೊಂಡು ಅವರ ಹೆಂಡತಿ ನಿಂತಿದ್ದರು. ಅವರನ್ನು ಹತ್ತಿರದಿಂದ ನೋಡಿ ವರ್ಷದ ಮೇಲಾಗಿತ್ತು. ಕೊರಳ ಮೂಳೆ ಎದ್ದು ಕಾಣುತ್ತಿತ್ತು, ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಿದ್ದರು.

"ಹೋದ ವರ್ಷದಿಂದ ಹೀಗೇ" ಅಂದರು ಯಜಮಾನರು. ನನ್ನನ್ನು ನೋಡದೆ ಮೆಟ್ಟಿಲನ್ನು ನೋಡುತ್ತಾ ಹೇಳಿದರು. "ಆ ಓಣೀಲಿ ಒಳಗೆ ಹೋದ್ಮೇಲೆ ಯಾವ ಬಾಗಿಲು?"

ನಾನು ಚಪ್ಪಲಿ ಹುಡುಕಿದೆ. ಗುಡುಗ ಅಷ್ಟರಲ್ಲಿ ಇಳಿದಾಗಿತ್ತು.

"ಕೊಡೆ ಇಲ್ಲೇ ಇಡಿ ಯಜಮಾನ್ರೇ" ಅಂದೆ. "ಅಮ್ಮಾವ್ರ ಕೈ ಹಿಡ್ಕೊಳ್ಳಿ. ಅದಕ್ಕೆ ಕೈ ಖಾಲಿ ಇರ್ಬೇಕು."